ಕಾರ್ಗಿಲ್ ಮೀನಿನ ನೆರೆಹೊರೆ

ಮಲ್ಪೆ ಬಂದರಿನಲ್ಲಿ ಈ ಮೀನಿಗೆ ಮರ್ಯಾದೆ ಇಲ್ಲ. ಟ್ರಾಲ್ ಬಲೆಗೆ ಹಿಂಡುಗಟ್ಟಲೆ ಬಿದ್ದರೆ ಬೋಟಿನವರಿಗೆ ಖುಷಿಗಿಂತ ತಲೆನೋವೇ ಹೆಚ್ಚು. ಚರ್ಮ ದಪ್ಪ, ಕೊಳ್ಳುವವರು ಕಡಿಮೆ, ಬಹುಪಾಲು ಫಿಶ್‌ಮೀಲ್ ಕಾರ್ಖಾನೆಯ ಲಾರಿ ಹತ್ತುತ್ತದೆ. ಕರಾವಳಿಯವರ ಬಾಯಲ್ಲಿ ಇದು ಕಾರ್ಗಿಲ್ ಮೀನು, ವಿಜ್ಞಾನಿಗಳಿಗೆ ಓಡೋನಸ್ ನೈಗರ್, ಅಕ್ವೇರಿಯಂ ಅಂಗಡಿಯಲ್ಲಿ ನೈಗರ್ ಟ್ರಿಗರ್. ಬಂದರಿನಿಂದ 10 ಕಿ.ಮೀ. ಆಸುಪಾಸಿನ ಮಣಿಪಾಲದಲ್ಲಿ, ಯಾವುದೋ ಫ್ಲ್ಯಾಟಿನ ಆರಡಿ ಗಾಜಿನ ತೊಟ್ಟಿಯಲ್ಲಿ, ಇದೇ ಜಾತಿಯ ಮೀನನ್ನು ನೋಡಿದವರಿಗೆ ಇದು ಅದೇ ಎಂದು ನಂಬುವುದು ಕಷ್ಟ. ಮಂಜುಗಡ್ಡೆಯ ಮೇಲೆ ಕಪ್ಪಗೆ ಕಾಣುತ್ತಿದ್ದ ಮೈ ದೀಪದ ಕೆಳಗೆ ನೇರಳೆಯಿಂದ ಹಸಿರುನೀಲಿಗೆ ತಿರುಗುತ್ತಿರುತ್ತದೆ. ಬಾಲದ ಎರಡು ತುದಿಗಳು ಉದ್ದಕ್ಕೆ ಚಾಚಿಕೊಂಡಿರುತ್ತವೆ. ಬೆನ್ನಿನ ಮತ್ತು ಹೊಟ್ಟೆಯ ರೆಕ್ಕೆಗಳನ್ನು ಒಟ್ಟಿಗೇ ಅಲೆಯಾಡಿಸುತ್ತ ಮುಂದಕ್ಕೂ ಹಿಂದಕ್ಕೂ ಸಲೀಸಾಗಿ ಈಜುತ್ತದೆ. ಬಾಯಿ ತೆರೆದಾಗ ಮಾತ್ರ ಕೆಂಪು ಹಲ್ಲು ಕಾಣುತ್ತದೆ.

ಹಾಗೆಂದು ಮಲ್ಪೆಯಲ್ಲಿ ಜೀವಂತ ಒಂದನ್ನು ಹೆಕ್ಕಿ ಬಕೆಟ್ಟಿಗೆ ಹಾಕಿಕೊಂಡು ಮನೆಗೆ ಓಡುವಂತಿಲ್ಲ. ಆಳದಿಂದ ಒಮ್ಮೆಲೇ ಮೇಲೆ ಬಂದ ಮೀನಿನ ಗಾಳಿಚೀಲ ಹಿಗ್ಗಿ ಕೆಟ್ಟಿರುತ್ತದೆ, ನೂರಾರು ಮೀನಿನ ಭಾರದಡಿ ಮೈ ಉಜ್ಜಿಹೋಗಿರುತ್ತದೆ. ಬಲೆಯ ಮೀನು ತೊಟ್ಟಿಗೆ ಆಗುವುದಿಲ್ಲ. ಕೈಬಲೆಯಲ್ಲಿ ಜಾಗರೂಕತೆಯಿಂದ ಹಿಡಿದು, ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿ ಕಳಿಸಿದ ಮೀನೇ ಬೇಕು.

ಟ್ರಿಗರ್ ಕುಟುಂಬದ ಮೀನಿನ ದೇಹವನ್ನು ಒಮ್ಮೆ ಗಮನಿಸಿದರೆ ಅದರ ಸ್ವಭಾವ ಅರ್ಧ ತಿಳಿಯುತ್ತದೆ. ಬೆನ್ನ ಮೇಲೆ ದಪ್ಪನೆಯ ಮುಳ್ಳೊಂದಿದೆ. ಅದು ನೆಟ್ಟಗೆ ನಿಂತಾಗ ಹಿಂದಿನ ಸಣ್ಣ ಮುಳ್ಳು ಅದರ ಬುಡಕ್ಕೆ ಬಂದು ಕೂರುತ್ತದೆ. ಆಮೇಲೆ ದೊಡ್ಡದನ್ನು ಎಷ್ಟು ಒತ್ತಿದರೂ ಮಡಚುವುದಿಲ್ಲ, ಸಣ್ಣದನ್ನು ಒತ್ತಿದರೆ ತಟ್ಟನೆ ಮಡಚುತ್ತದೆ. ರಾತ್ರಿ ಮಲಗುವಾಗ ಕಲ್ಲಿನ ಬಿರುಕಿಗೆ ನುಗ್ಗಿ ಮುಳ್ಳೆತ್ತಿಕೊಂಡರೆ ಯಾರೂ ಎಳೆದು ತೆಗೆಯಲಾರರು. ಬಾಯಿ ಸಣ್ಣದು, ದವಡೆ ಮಾತ್ರ ಏಡಿಯ ಚಿಪ್ಪು, ಕಡಲಮುಳ್ಳಿಯ ಕವಚ ಒಡೆಯುವಷ್ಟು ಗಟ್ಟಿ. ಕಣ್ಣುಗಳು ತಲೆಯ ಮೇಲ್ಭಾಗಕ್ಕೆ, ಬಾಯಿಂದ ದೂರಕ್ಕೆ ಸರಿದಿವೆ: ಮುಳ್ಳಿನ ಬೇಟೆಯನ್ನು ಕಚ್ಚುವಾಗ ಕಣ್ಣಿಗೆ ಚುಚ್ಚದಿರಲಿ ಎಂದು. ಇಷ್ಟೆಲ್ಲ ಸಿದ್ಧತೆಯೊಂದಿಗೆ ಹುಟ್ಟಿದ ಪ್ರಾಣಿ ನೆರೆಯವರ ಮುಂದೆ ತಲೆತಗ್ಗಿಸಿ ಬಾಳುವುದು ಅನುಮಾನವೇ.

ಆದರೂ ಇಂಥ ಮೀನನ್ನು ಇನ್ನೂ ಮೂರು ನಾಲ್ಕು ಜಗಳಗಂಟ ಮೀನುಗಳ ಜೊತೆ ಒಂದೇ ನೀರಿನಲ್ಲಿ ವರ್ಷಗಟ್ಟಲೆ ಬಾಳಿಸುವವರಿದ್ದಾರೆ. ಮೀನುಗಳನ್ನು ಅವರು ಸಾಧುಗಳನ್ನಾಗಿ ಮಾಡುತ್ತಾರೆ ಎಂದು ಹೊರಗಿನವರು ಭಾವಿಸುವುದುಂಟು. ಅದು ಯಾರಿಂದಲೂ ಆಗದ ಕೆಲಸ. ಅವರು ಮಾಡುವುದು ಇಷ್ಟೇ: ಯಾವ ಮೀನಿಗೆ ಯಾವುದರ ಮೇಲೆ ಸಿಟ್ಟು ಎಂದು ತಿಳಿದುಕೊಂಡು, ಆ ಸಿಟ್ಟಿಗೆ ತೊಟ್ಟಿಯಲ್ಲಿ ಕಾರಣ ಸಿಗದಂತೆ ನೋಡಿಕೊಳ್ಳುತ್ತಾರೆ.

ಸಿಟ್ಟಿಗೆ ಕಾರಣಗಳು ಹಲವು. ಮೊದಲನೆಯದು, ತನ್ನಂತೆಯೇ ಇರುವ ಇನ್ನೊಂದು ಮೀನು. ಆಸ್ಟ್ರಿಯಾದ ಪ್ರಾಣಿವರ್ತನ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1963ರಲ್ಲಿ ಪ್ರಕಟಿಸಿದ ಆಕ್ರಮಣಶೀಲತೆಯ ಕುರಿತ ಪುಸ್ತಕವನ್ನು ಆರಂಭಿಸಿದ್ದೇ ಹವಳದ ದಿಬ್ಬದ ಮೀನುಗಳಿಂದ. ಅಕ್ವೇರಿಯಂನಲ್ಲಿ ಅವನ್ನು ಸಾಕಿ ನೋಡಿದ ಆತ ಕಂಡುಕೊಂಡದ್ದು, ಕಣ್ಣು ಕುಕ್ಕುವ ಬಣ್ಣದ ಮೀನು ಅತಿ ಹೆಚ್ಚು ಕಚ್ಚುವುದು ತನ್ನದೇ ಜಾತಿಯ ಮೀನನ್ನು ಎಂದು. ಒಂದೇ ಜಾತಿ ಎಂದರೆ ಒಂದೇ ಆಹಾರ, ಒಂದೇ ಬಗೆಯ ಬಿಲ, ಅದೇ ಹೆಣ್ಣು. ಬಣ್ಣವೆಂಬುದು ಗಡಿಯ ಫಲಕ ಎಂಬ ಆತನ ವಾದವನ್ನು ನಂತರದ ಸಂಶೋಧಕರು ಪೂರ್ತಿ ಒಪ್ಪಿಲ್ಲ. ಹಾಗಿದ್ದರೂ ಸಾಕುವವರಿಗೆ ಅದು ಇಂದಿಗೂ ಕೆಲಸಕ್ಕೆ ಬರುವ ಸೂತ್ರ. ಒಂದು ಜಾತಿಯದು ಒಂದೇ ಇರಲಿ. ಬಣ್ಣದಲ್ಲಿ, ಆಕಾರದಲ್ಲಿ ಹೋಲುವ ಎರಡನ್ನು ಕೂಡಿಸಬೇಡಿ. ಪೌಡರ್ ಬ್ಲೂ ಟ್ಯಾಂಗ್ ಇರುವ ತೊಟ್ಟಿಗೆ ಅದರದೇ ಕುಲದ ಇನ್ನೊಂದು ಟ್ಯಾಂಗ್ ಬಂತೆಂದರೆ ಬಾಲದ ಬುಡದಲ್ಲಿ ಅಡಗಿಸಿಟ್ಟ ಚೂರಿಯಂಥ ಮುಳ್ಳು ಹೊರಬರುತ್ತದೆ, ಮರುದಿನ ಒಂದರ ಮೈಯಲ್ಲಿ ಗೀರುಗಳು ಕಾಣುತ್ತವೆ.

ಎಂಪರರ್ ಏಂಜೆಲ್ ಮೀನಿನ ವಿಷಯದಲ್ಲಿ ಪ್ರಕೃತಿಯೇ ಈ ಸೂತ್ರವನ್ನು ಬಳಸಿಕೊಂಡಿದೆ. ಮರಿಯ ಮೈ ಕಡುನೀಲಿ, ಅದರ ಮೇಲೆ ಬಿಳಿಯ ಉಂಗುರಗಳು. ದೊಡ್ಡದಾದ ಮೇಲೆ ಹಳದಿ–ನೀಲಿ ಗೆರೆಗಳು, ಕಣ್ಣಿಗೆ ಕಪ್ಪು ಪಟ್ಟಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಜಾತಿ ಎಂದು ಯಾರೂ ಹೇಳುವುದಿಲ್ಲ. ಮರಿಯ ಬೇರೆ ಬಣ್ಣ ದೊಡ್ಡ ಮೀನಿನ ಸಿಟ್ಟನ್ನು ತಪ್ಪಿಸಿಕೊಳ್ಳಲಿಕ್ಕಾಗಿ ಇದೆ ಎಂಬುದು ತಜ್ಞರ ವಿವರಣೆ. ಮರಿಯನ್ನು ತಂದವರು ಒಂದೆರಡು ವರ್ಷಗಳಲ್ಲಿ ಅದರ ಬಣ್ಣ ಬದಲಾಗುವುದನ್ನು ಗಾಜಿನ ಈಚೆಯಿಂದಲೇ ನೋಡಬಹುದು. ಬಣ್ಣದ ಜೊತೆ ನಡತೆಯೂ ಬದಲಾಗುವುದನ್ನು ಕೂಡ.

ಜಾಗ ಎರಡನೆಯ ಕಾರಣ. ಮುರ್ಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಇಳಿದವರು ಟ್ರಿಗರ್, ಲಯನ್ ಫಿಶ್, ಮೋರೆ ಹಾವುಮೀನು, ಮುರು ಮೀನು ಎಲ್ಲವನ್ನೂ ಒಂದೇ ಮುಳುಗಿನಲ್ಲಿ ಕಾಣಬಹುದು. ಅಲ್ಲಿ ಸೋತ ಮೀನಿಗೆ ಓಡಿಹೋಗಲು ಒಂದು ಕಡಲಿದೆ. ತೊಟ್ಟಿಯಲ್ಲಿ ಸೋತದ್ದು ಗಾಜಿಗೆ ಬಡಿದು ಮತ್ತೆ ಗೆದ್ದದ್ದರ ಕಣ್ಣೆದುರಿಗೇ ಬರುತ್ತದೆ. ಆ ಕಾರಣಕ್ಕೆ ಇಂಥ ಮೀನಿಗೆ ನಾಲ್ಕಡಿ ತೊಟ್ಟಿ ಸಾಲದು, ಆರಡಿಯಿಂದಲೇ ಲೆಕ್ಕ ಶುರು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ತುಂಬಿದರೆ ಸುಮಾರು 680 ಲೀಟರು. ನೀರೊಂದೇ ಹತ್ತಿರ ಹತ್ತಿರ 700 ಕಿಲೋ, ಅದರ ಮೇಲೆ ಗಾಜು, ಕಲ್ಲು, ಸ್ಟ್ಯಾಂಡು. ಮಹಡಿ ಮನೆಯವರು ಮೀನಿನಂಗಡಿಗೆ ಹೋಗುವ ಮೊದಲು ಎಂಜಿನಿಯರನ್ನು ಕೇಳುವುದು ಒಳ್ಳೆಯದು.

ನನಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಕಲ್ಲು ಜೋಡಿಸುವ ಕೆಲಸ. ಹೊಸಬರು ಕಲ್ಲನ್ನು ಹಿಂದಿನ ಗಾಜಿಗೆ ಆನಿಸಿ ಗೋಡೆ ಕಟ್ಟುತ್ತಾರೆ, ನೋಡಲು ಚಂದ. ಆ ಗೋಡೆಯ ನಡುವಿನ ಒಳ್ಳೆಯ ಬಿಲವನ್ನು ಹಿಡಿದ ಮೀನಿಗೆ ಇಡೀ ತೊಟ್ಟಿ ಒಂದೇ ನೋಟಕ್ಕೆ ಕಾಣುತ್ತದೆ. ಕಂಡದ್ದೆಲ್ಲ ತನ್ನದು ಎಂದುಕೊಳ್ಳುತ್ತದೆ. ತಿಳಿದವರು ಎರಡು ಮೂರು ಗುಡ್ಡಗಳನ್ನು ಬಿಡಿಬಿಡಿಯಾಗಿ ಎಬ್ಬಿಸಿ, ಒಂದರ ಬಾಯಿ ಇನ್ನೊಂದರ ಕಡೆ ತಿರುಗದಂತೆ ಕೂರಿಸುತ್ತಾರೆ. ಪ್ರತಿ ಗುಹೆಗೂ ಎರಡು ದಾರಿ ಇರಬೇಕು. ಒಂದೇ ಬಾಗಿಲಿದ್ದರೆ ಹೆದರಿ ಹೊಕ್ಕ ಮೀನು ಅಲ್ಲೇ ಸಿಕ್ಕಿಬೀಳುತ್ತದೆ. ಮೀನಿನ ಎಣಿಕೆಗಿಂತ ಬಿಲಗಳ ಎಣಿಕೆ ಒಂದೆರಡು ಹೆಚ್ಚೇ ಇರಬೇಕು. ಟ್ರಿಗರ್ ಕಲ್ಲನ್ನು ಬಾಯಲ್ಲಿ ಎತ್ತಿ ಬೇರೆಡೆ ಇಡಬಲ್ಲದು, ಮರಳು ತೋಡಬಲ್ಲದು. ಹೀಗಾಗಿ ಕಲ್ಲು ಮರಳಿನ ಮೇಲಲ್ಲ, ತೊಟ್ಟಿಯ ತಳದ ಮೇಲೇ ನಿಲ್ಲಬೇಕು, ಮರಳು ಆಮೇಲೆ.

ಯಾವ ಕಲ್ಲು? ಕಾರ್ಕಳದವರಿಗೆ ಮನೆಯಂಗಳದಲ್ಲೇ ಎರಡು ಬಗೆ ಸಿಗುತ್ತದೆ. ಶಿಲ್ಪಿಗಳು ಕೆತ್ತುವ ಗಟ್ಟಿ ಕಲ್ಲು ನೀರಿಗೆ ಏನನ್ನೂ ಬಿಡುವುದಿಲ್ಲ, ನಿಜ. ಆದರೆ ಅದರಲ್ಲಿ ರಂಧ್ರಗಳಿಲ್ಲ, ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾಕ್ಕೆ ಮನೆ ಸಿಗುವುದಿಲ್ಲ. ಮುರಕಲ್ಲಿನಲ್ಲಿ ರಂಧ್ರಗಳು ಬೇಕಾದಷ್ಟಿವೆ, ಜೊತೆಗೆ ಕಬ್ಬಿಣವೂ ಇದೆ. ಅದು ಪಾಚಿಗೆ ಹಬ್ಬ. ಹವಳದ ಕಲ್ಲು ಎಲ್ಲಕ್ಕಿಂತ ಉತ್ತಮ, ಆದರೆ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಕಡಲಿನಿಂದ ಕಿತ್ತು ತರುವುದು ಅಪರಾಧ. ಉಳಿದದ್ದು ಕೃತಕ ಕಲ್ಲು: ಸೆರಾಮಿಕ್‌ನದು, ಇಲ್ಲವೇ ಸಿಮೆಂಟಿನಲ್ಲಿ ಒರಟು ಉಪ್ಪಿನ ಹರಳು ಕಲಸಿ ಮನೆಯಲ್ಲೇ ಎರಕ ಹೊಯ್ದದ್ದು. ಉಪ್ಪು ಕರಗಿಹೋದ ಮೇಲೆ ರಂಧ್ರಗಳು ಉಳಿಯುತ್ತವೆ. ಸಿಮೆಂಟಿನ ಸುಣ್ಣದಂಶ ಹೋಗುವವರೆಗೆ ವಾರಗಟ್ಟಲೆ ನೀರು ಬದಲಿಸುತ್ತ ನೆನೆಹಾಕಬೇಕು. ನಮ್ಮ ಮಳೆಗಾಲ ಈ ಒಂದು ಕೆಲಸಕ್ಕೆ ಹೇಳಿಮಾಡಿಸಿದ್ದು, ಅಂಗಳದಲ್ಲಿಟ್ಟರೆ ಸಾಕು.

ಇನ್ನು ಯಾರ ಜೊತೆ ಯಾರು ಎಂಬ ಪ್ರಶ್ನೆ. ಟ್ರಿಗರ್‌ಗಳಲ್ಲಿ ನೈಗರ್ ತಕ್ಕಮಟ್ಟಿಗೆ ಸಾಧು, ಏಕೆಂದರೆ ಕಡಲಿನಲ್ಲಿ ಅದು ನಡುನೀರಿನಲ್ಲಿ ಗುಂಪಾಗಿ ಈಜುತ್ತ ತೇಲಿಬರುವ ಪ್ಲವಕ ತಿನ್ನುವ ಮೀನು. ನೆಲವನ್ನು ಕಾಯುವ ಪಿಕಾಸೊ ಟ್ರಿಗರ್‌ನ ಹಠ ಇದಕ್ಕಿಲ್ಲ. ಜೊತೆಗೆ ಸ್ನೋಫ್ಲೇಕ್ ಮೋರೆ ಚೆನ್ನಾಗಿ ಹೊಂದುತ್ತದೆ. ಮೋರೆಗಳ ಗಂಟಲಿನಲ್ಲಿ ಎರಡನೆಯ ಜೊತೆ ದವಡೆಯಿದ್ದು, ಅದು ಮುಂದಕ್ಕೆ ಬಂದು ಬೇಟೆಯನ್ನು ಒಳಕ್ಕೆಳೆಯುತ್ತದೆ ಎಂದು 2007ರಲ್ಲಿ ಸಂಶೋಧಕರು ತೋರಿಸಿಕೊಟ್ಟಾಗ ಜಗತ್ತೇ ಬೆರಗಾಗಿತ್ತು. ಅಷ್ಟಾದರೂ ಸ್ನೋಫ್ಲೇಕ್‌ನ ಹಲ್ಲು ಮೊಂಡು, ಏಡಿ–ಸಿಗಡಿ ಜಗಿಯಲು ಇರುವಂಥದ್ದು. ಹಗಲು ಬಿಲದೊಳಗೆ, ರಾತ್ರಿ ಹೊರಗೆ. ಟ್ರಿಗರ್‌ನ ದಿನಚರಿ ಇದಕ್ಕೆ ತದ್ವಿರುದ್ಧ. ಒಂದೇ ಮನೆಯಲ್ಲಿದ್ದೂ ಇಬ್ಬರೂ ಎದುರಾಗುವುದು ಅಪರೂಪ. ಮುಚ್ಚಳ ಮಾತ್ರ ಬಿಗಿಯಾಗಿರಬೇಕು, ಬೆರಳು ಹೋಗುವಷ್ಟು ಸಂದು ಬಿಟ್ಟರೂ ಬೆಳಿಗ್ಗೆ ಹಾವುಮೀನು ನೆಲದ ಮೇಲಿರುತ್ತದೆ.

ಲಯನ್ ಫಿಶ್ ವಿಷಯ ಬೇರೆ. ಅದು ಯಾರ ಮೇಲೂ ಏರಿಹೋಗುವುದಿಲ್ಲ, ಯಾರನ್ನೂ ಅಟ್ಟುವುದಿಲ್ಲ. ಬಾಯಿಗೆ ಹಿಡಿಸುವುದನ್ನು ಸದ್ದಿಲ್ಲದೆ ನುಂಗುತ್ತದೆ, ಅಷ್ಟೆ. ಅದರ ಜೊತೆಗಾರರನ್ನು ಆರಿಸುವಾಗ ನೋಡಬೇಕಾದ್ದು ಸ್ವಭಾವವನ್ನಲ್ಲ, ಬಾಯಿಯ ಅಳತೆಯನ್ನು. ನಿಧಾನವಾಗಿ ತೇಲುವ ಅದರ ಉದ್ದ ರೆಕ್ಕೆಗಳನ್ನು ಕಂಡರೆ ಟ್ರಿಗರ್‌ಗೆ ಕಚ್ಚಿ ನೋಡುವ ಚಪಲ. ಈ ಜೋಡಿಯನ್ನು ಬಹಳ ಜನ ಕೂಡಿಸುತ್ತಾರೆ, ನನಗೆ ಮನಸ್ಸು ಒಪ್ಪುವುದಿಲ್ಲ. ಲಯನ್ ಫಿಶ್‌ನ ಬೆನ್ನಿನ ಮುಳ್ಳುಗಳಲ್ಲಿ ವಿಷವಿದೆ. ತೊಟ್ಟಿಗೆ ಕೈಹಾಕುವಾಗ ಅದು ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಕೈ ಅದ್ದಿ, ಆಸ್ಪತ್ರೆಗೆ ಹೋಗಬೇಕು.

ಗಾತ್ರ ನೋಡಿ ಮೋಸಹೋಗಬಾರದು ಎಂಬುದಕ್ಕೆ ಡ್ಯಾಮ್ಸೆಲ್ ಮೀನುಗಳಿವೆ. ಕಾಪುವಿನಲ್ಲಿ, 1901ರ ದೀಪಸ್ತಂಭ ನಿಂತಿರುವ ಬಂಡೆಗಳ ಕಡೆ, ನೀರು ಇಳಿದಾಗ ಉಳಿಯುವ ಗುಂಡಿಗಳನ್ನು ಕುಕ್ಕರಗಾಲಿನಲ್ಲಿ ಕೂತು ನೋಡುವವರಿಗೆ ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ಮರಿಗಳು ಸಿಕ್ಕಾವು. ಅವೂ ಇದೇ ಕುಟುಂಬದವು. ಡ್ಯಾಮ್ಸೆಲ್‌ಗಳಲ್ಲಿ ಕೆಲವು ಜಾತಿಗಳು ಅಂಗೈಯಗಲದ ಪಾಚಿಯನ್ನು ತೋಟವೆಂದು ಕಾಯುತ್ತವೆ. ತನಗಿಂತ ಹತ್ತುಪಟ್ಟು ದೊಡ್ಡ ಮೀನಿರಲಿ, ಮುಳುಗುಗಾರನಿರಲಿ, ಅಟ್ಟಿಕೊಂಡು ಬರುತ್ತವೆ. ಹೊಸ ತೊಟ್ಟಿಗೆ ಅಗ್ಗವೆಂದು ಮೊದಲು ಡ್ಯಾಮ್ಸೆಲ್ ಬಿಟ್ಟವರು ಆಮೇಲೆ ಬರುವ ದುಬಾರಿ ಮೀನುಗಳ ಗತಿಯನ್ನು ಅದರ ಕೈಗೆ ಒಪ್ಪಿಸಿದಂತೆಯೇ.

ಇಲ್ಲಿಂದಲೇ ಪ್ರವೇಶದ ಕ್ರಮ ಹುಟ್ಟಿದ್ದು. ಅಂಜುಬುರುಕ ಮೊದಲು, ರೌಡಿ ಕೊನೆಗೆ. ಮೊದಲು ಬಂದದ್ದು ಜಾಗ ಕಂಡುಕೊಂಡು ಉಂಡು ಗಟ್ಟಿಯಾಗಿರುತ್ತದೆ. ಕೊನೆಗೆ ಬಂದ ರೌಡಿಗೆ ಎಲ್ಲವೂ ಹೊಸತು, ಕೆಲವು ದಿನವಾದರೂ ಬಾಲ ಮುದುರಿಕೊಂಡಿರುತ್ತದೆ. ಈಗಾಗಲೇ ನೆಲೆಯೂರಿದ ತೊಟ್ಟಿಗೆ ಹೊಸ ಮೀನು ತರಬೇಕಾಗಿ ಬಂದರೆ ಕಲ್ಲುಗಳನ್ನೆಲ್ಲ ಕಿತ್ತು ಮರುಜೋಡಿಸುತ್ತಾರೆ. ಉಡುಪಿಯಿಂದ ಕಾರ್ಕಳಕ್ಕೆ ಹೊರಟ ತುಂಬಿದ ಬಸ್ಸು ಕೆಟ್ಟು, ಎಲ್ಲರನ್ನೂ ಇಳಿಸಿ ಬೇರೆ ಬಸ್ಸಿಗೆ ಹತ್ತಿಸಿದಾಗ ಕಿಟಕಿ ಸೀಟು ತನ್ನದು ಎಂದು ಯಾರೂ ಹಕ್ಕು ಸಾಧಿಸಲಾರರಲ್ಲ, ಅದೇ ಉಪಾಯ. ಹಳಬ ಹೊಸಬ ಎಂಬ ಭೇದವಿಲ್ಲದೆ ಎಲ್ಲ ಮೀನುಗಳೂ ಬಿಲ ಹುಡುಕುವ ಗಡಿಬಿಡಿಯಲ್ಲಿರುವಾಗ, ದೀಪ ಆರಿಸಿ ಹೊಸದನ್ನು ಒಳಗೆ ಬಿಡುತ್ತಾರೆ. ಅದಕ್ಕೂ ಮೊದಲು ತೂತುಗಳಿರುವ ಅಕ್ರಿಲಿಕ್ ಡಬ್ಬಿಯಲ್ಲಿಟ್ಟು ತೊಟ್ಟಿಯೊಳಗೇ ನಾಲ್ಕಾರು ದಿನ ತೂಗುಹಾಕುವುದುಂಟು. ಹಳಬರು ಬಂದು ಡಬ್ಬಿಗೆ ಮೂತಿ ಬಡಿದು, ರೆಕ್ಕೆ ಅರಳಿಸಿ, ಸುತ್ತು ಹಾಕಿ, ಕಡೆಗೆ ಬೇಸತ್ತು ತಿರುಗಿಹೋಗುತ್ತಾರೆ. ಬಡಿಯುವುದು ನಿಂತ ದಿನ ಡಬ್ಬಿ ತೆರೆಯಬಹುದು. ಪರಿಚಿತ ನೆರೆಯವನ ಮೇಲೆ ಪ್ರಾಣಿಗಳು ಅಪರಿಚಿತನ ಮೇಲಿನಷ್ಟು ಏರಿಹೋಗುವುದಿಲ್ಲ ಎಂಬುದನ್ನು ಹಕ್ಕಿಗಳಲ್ಲಿ, ಕಪ್ಪೆಗಳಲ್ಲಿ, ಮೀನುಗಳಲ್ಲಿ ವಿಜ್ಞಾನಿಗಳು ಕಂಡಿದ್ದಾರೆ. ಇನ್ನು ಕೆಲವರು ತೊಟ್ಟಿಯ ಹೊರಗಿನಿಂದ ಗಾಜಿಗೆ ಕನ್ನಡಿ ಅಂಟಿಸುತ್ತಾರೆ. ರೌಡಿ ಮೀನು ತನ್ನ ಬಿಂಬವನ್ನೇ ಬದ್ಧವೈರಿ ಎಂದು ತಿಳಿದು ದಿನವಿಡೀ ಅದರೊಡನೆ ಕಾದಾಡುತ್ತಿರುವಾಗ ಹೊಸಬ ಊಟ ಮಾಡಿ ಚೇತರಿಸಿಕೊಳ್ಳುತ್ತದೆ. ಟ್ಯಾಂಗ್‌ಗಳ ಮಟ್ಟಿಗೆ ಇದು ಚೆನ್ನಾಗಿ ನಡೆಯುತ್ತದೆ.

ಮೂರನೆಯ ಕಾರಣ ಹಸಿವು. ಈ ವಿಷಯದಲ್ಲಿ ಉಡುಪಿಯವರಷ್ಟು ಪುಣ್ಯವಂತರಿಲ್ಲ. ಬೆಂಗಳೂರಿನವರು ಫ್ರೋಜನ್ ಪೊಟ್ಟಣಕ್ಕೆ ದುಡ್ಡು ಸುರಿಯುವಾಗ ಇಲ್ಲಿ ಬೆಳಗಿನ ಮಾರ್ಕೆಟ್ಟಿನಲ್ಲಿ ಎಟ್ಟಿ (ಸಿಗಡಿ), ಬೊಂಡಾಸ್ (ಸ್ಕ್ವಿಡ್), ಮರುವಾಯಿ ಮತ್ತು ಪಚ್ಚಿಲೆ ಚಿಪ್ಪುಗಳು, ಸಣ್ಣ ಏಡಿ ತಾಜಾ ಸಿಗುತ್ತವೆ. ಚೆನ್ನಾಗಿ ತೊಳೆದು ಫ್ರೀಜರ್‌ನಲ್ಲಿ ಕೆಲವು ದಿನ ಇಟ್ಟು ಕೊಟ್ಟರೆ ಪರಾವಲಂಬಿಗಳ ಭಯವೂ ಕಡಿಮೆ. ಚಿಪ್ಪಿನ ಸಮೇತವೇ ಕೊಡಬೇಕು, ಏಕೆಂದರೆ ಟ್ರಿಗರ್‌ನ ಹಲ್ಲು ಬೆಳೆಯುತ್ತಲೇ ಇರುತ್ತದೆ. ಗಟ್ಟಿಯಾದದ್ದನ್ನು ಒಡೆದರಷ್ಟೇ ಸವೆಯುತ್ತದೆ. ಒಂದು ಪಚ್ಚಿಲೆಯನ್ನು ಅರೆತೆರೆದು ಹಾಕಿದರೆ ಅದನ್ನು ಬಿಡಿಸುವುದರಲ್ಲೇ ಮೀನಿನ ಅರ್ಧ ತಾಸು ಕಳೆಯುತ್ತದೆ, ಅಷ್ಟು ಹೊತ್ತು ನೆರೆಯವರಿಗೆ ನೆಮ್ಮದಿ. ದಿನಾ ಎಟ್ಟಿ ಒಂದನ್ನೇ ಹಾಕುವುದು ಮಾತ್ರ ಸಲ್ಲದು, ಜೀವಸತ್ವದ ಕೊರತೆಯಾಗುತ್ತದೆ. ಟ್ಯಾಂಗ್ ಮತ್ತು ಏಂಜೆಲ್‌ಗೆ ಕಡಲಪಾಚಿಯ ಹಾಳೆ ಬೇಕು. ಊಟ ಹಾಕುವ ಜಾಗವೂ ಒಂದೇ ಇರಬಾರದು: ಒಂದು ತುದಿಯಲ್ಲಿ ಟ್ರಿಗರ್‌ಗೆ ಹಾಕಿ, ಅದು ಅಲ್ಲಿ ಮಗ್ನವಾಗಿರುವಾಗ ಇನ್ನೊಂದು ತುದಿಯಲ್ಲಿ ಉದ್ದ ಇಕ್ಕಳದಿಂದ ಹಾವುಮೀನಿನ ಬಾಯಿಗೆ ನೇರವಾಗಿ ಬೊಂಡಾಸಿನ ತುಂಡು ಹಿಡಿಯಬೇಕು. ಹಾವುಮೀನಿಗೆ ದೃಷ್ಟಿ ಮಂದ, ವಾಸನೆ ಚುರುಕು. ಬೆರಳಿಗೂ ಬೊಂಡಾಸಿನ ವಾಸನೆಯಿದ್ದರೆ ಅದು ಭೇದ ಮಾಡುವುದಿಲ್ಲ.

ಇಷ್ಟು ತಿನ್ನುವ ಮೀನುಗಳು ನೀರನ್ನೂ ಅಷ್ಟೇ ಕೆಡಿಸುತ್ತವೆ. ತಿಂದದ್ದರ ಸಾರಜನಕ ಅಮೋನಿಯವಾಗಿ ಹೊರಬರುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಬರೀ ಕಲ್ಲು–ನೀರನ್ನು ನೋಡುತ್ತ ಕೂರುವ ತಾಳ್ಮೆ ಇಲ್ಲದವರು ಬೇರೆ ಹವ್ಯಾಸ ನೋಡಿಕೊಳ್ಳುವುದು ಲೇಸು. ನೊರೆ ಎಬ್ಬಿಸಿ ಕೊಳೆ ತೆಗೆಯುವ ದೊಡ್ಡ ಪ್ರೋಟೀನ್ ಸ್ಕಿಮ್ಮರ್ ಇಟ್ಟು, ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸುತ್ತಾರೆ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಪ್ರತಿ ಸಲ 68 ಲೀಟರಿಗೆ ಎರಡು ಕಿಲೋ ಮೇಲ್ಪಟ್ಟು ಸಾಲ್ಟ್ ಮಿಕ್ಸ್. ಕಡಲು ಪಕ್ಕದಲ್ಲೇ ಇರುವಾಗ ಉಪ್ಪು ಯಾಕೆ ಕೊಳ್ಳಬೇಕು ಎಂದು ಕಾಪುವಿನವರು ಕೇಳಿಯಾರು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ, ಭರತದ ಹೊತ್ತಿನಲ್ಲಿ, ಬಂದರಿನಿಂದ ದೂರ ಹೋಗಿ ತಂದು, ಕತ್ತಲಲ್ಲಿ ಕೆಲವು ವಾರ ತಂಗಲು ಬಿಟ್ಟರೆ ಬಳಸಬಹುದು. ಜೂನ್ ಬಂತೆಂದರೆ ಹೊಳೆಗಳೆಲ್ಲ ಕೆಂಪಾಗಿ ಕಡಲಿಗೆ ಸುರಿದು ದಡದ ನೀರಿನ ಉಪ್ಪು ಇಳಿಯುತ್ತದೆ, ಆಗ ಅದು ಪ್ರಯೋಜನಕ್ಕಿಲ್ಲ. ಉಪ್ಪು ಕಲಸಲು ಬಾವಿನೀರನ್ನು ನೇರ ಬಳಸದೆ ಆರ್‌ಒ ಮಾಡಿಕೊಳ್ಳಬೇಕು. ತೊಟ್ಟಿಯಿಂದ ಆವಿಯಾದ ನೀರಿನ ಬದಲಿಗೆ ಸಿಹಿನೀರನ್ನೇ ತುಂಬಬೇಕು. ಆವಿಯಾಗುವುದು ನೀರು, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ.

ಸೆಕೆಯೂ ಜಗಳ ಹಚ್ಚುತ್ತದೆ ಎಂಬುದು ಹೊಸಬರಿಗೆ ಹೊಳೆಯುವುದಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮೀನಿನ ಉಸಿರಾಟ ಹೆಚ್ಚು, ಕಂಗೆಟ್ಟ ಮೀನಿಗೆ ಸಿಟ್ಟೂ ಬೇಗ. ತೊಟ್ಟಿ 26 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಏಪ್ರಿಲ್–ಮೇಯ ಉಡುಪಿ ಅದಕ್ಕೆ ಒಪ್ಪುವುದಿಲ್ಲ. ಒಣ ಹವೆಯ ಊರುಗಳಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮ ಬೆವರು ಒಣಗದ ಹವೆಯಲ್ಲಿ ತೊಟ್ಟಿಯ ನೀರು ಆವಿಯಾಗುವುದೂ ನಿಧಾನ, ಚಿಲ್ಲರ್ ಇಲ್ಲದೆ ಗತಿಯಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ಕರೆಂಟು ಹೋಗುತ್ತದೆ. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಕೈಯಳತೆಯಲ್ಲೇ ಇರಬೇಕು.

ಇದೆಲ್ಲ ಸಿದ್ಧವಾದ ಮೇಲೆ ಉಳಿಯುವುದು ನೋಡುವ ಕೆಲಸ. ನಿಜವಾದ ಪರಿಣತಿ ಇರುವುದು ಅಲ್ಲಿ. ಅಟ್ಟಿಸಿಕೊಂಡು ಹೋಗುವುದೆಲ್ಲ ಯುದ್ಧವಲ್ಲ. ಎರಡು ಸುತ್ತು ಅಟ್ಟಿ ತಿರುಗಿಬಂದರೆ ಅದು ಗಡಿ ನೆನಪಿಸಿದ್ದು. ಅಟ್ಟಿದ್ದು ನಿಲ್ಲದೆ, ಸೋತ ಮೀನು ಮೇಲ್ಮೂಲೆಯಲ್ಲಿ ತಲೆ ಮೇಲಾಗಿ ನಿಂತು, ಬಣ್ಣ ಕಳೆದುಕೊಂಡು, ಕಿವಿರು ಬಡಿದುಕೊಳ್ಳುತ್ತ, ಊಟಕ್ಕೆ ಬಾರದೆ ಹೋದರೆ ಆ ದಿನವೇ ಕೈಹಾಕಬೇಕು. ಹೆದರಿದ ಮೀನಿಗೆ ಬಿಳಿಚುಕ್ಕೆ ರೋಗ ಬೇಗ ಹತ್ತುತ್ತದೆ, ಅದು ಒಂದಕ್ಕೆ ಬಂದರೆ ಎಲ್ಲಕ್ಕೂ ಬರುತ್ತದೆ. ಸಾಮಾನ್ಯರು ಏಟು ತಿಂದದ್ದನ್ನು ಹೊರತೆಗೆಯುತ್ತಾರೆ. ಬಲ್ಲವರು ಏಟು ಕೊಟ್ಟದ್ದನ್ನು ತೆಗೆದು ಬೇರೆ ತೊಟ್ಟಿಯಲ್ಲಿ ವಾರವಿಡುತ್ತಾರೆ. ಅದು ಮರಳುವಷ್ಟರಲ್ಲಿ ಅದರ ಬಿಲ ಇನ್ನೊಬ್ಬರ ಪಾಲಾಗಿರುತ್ತದೆ, ಹೊಸಬನಾಗಿ ಮತ್ತೆ ಕೊನೆಯಿಂದ ಆರಂಭಿಸಬೇಕಾಗುತ್ತದೆ.

ಈ ಯಾವ ಉಪಾಯಕ್ಕೂ ಬಗ್ಗದ ಮೀನೊಂದಿದೆ, ಕ್ಲೌನ್ ಟ್ರಿಗರ್. ಕಪ್ಪು ಮೈಯ ಕೆಳಭಾಗದಲ್ಲಿ ದೊಡ್ಡ ಬಿಳಿ ಬೊಟ್ಟುಗಳು, ಹಳದಿ ಬಾಯಿ. ಅಂಗಡಿಯಲ್ಲಿ ಮೂರಂಗುಲದ ಮರಿ ಕಂಡರೆ ಕೊಳ್ಳದೆ ಬರುವುದು ಕಷ್ಟ. ಒಂದೆರಡು ವರ್ಷ ಎಲ್ಲರೊಡನೆ ಚೆನ್ನಾಗಿರುತ್ತದೆ. ನಂತರ ಒಂದು ದಿನ, ಯಾವ ಮುನ್ಸೂಚನೆಯೂ ಇಲ್ಲದೆ, ಅಷ್ಟು ಕಾಲ ಜೊತೆಗಿದ್ದವರನ್ನೇ ಒಬ್ಬೊಬ್ಬರಾಗಿ ಮುಗಿಸತೊಡಗುತ್ತದೆ. ಪೂರ್ತಿ ಬೆಳೆದರೆ ಅರ್ಧ ಮೀಟರು. ಕಾಪುವಿಗೆ ಒಯ್ದು ಕಡಲಿಗೆ ಬಿಟ್ಟರಾಯಿತು ಎನ್ನುವಂತಿಲ್ಲ, ತೊಟ್ಟಿಯ ರೋಗವೂ ಅದರ ಜೊತೆ ಕಡಲಿಗಿಳಿಯುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ 1985ರ ಹೊತ್ತಿಗೆ ಕಾಣಿಸಿಕೊಂಡ ಲಯನ್ ಫಿಶ್ ಅಕ್ವೇರಿಯಂಗಳಿಂದಲೇ ಹೊರಬಿದ್ದದ್ದೆಂದು ಹೇಳುತ್ತಾರೆ, ಇಂದು ಅದು ಕೆರಿಬಿಯನ್ ಕಡಲಿಡೀ ಹಬ್ಬಿದೆ. ಹಾಗಾಗಿ ಕ್ಲೌನ್ ಟ್ರಿಗರ್ ತಂದವರು ಕಡೆಗೆ ಅದೊಂದಕ್ಕೇ ಒಂದು ಆರಡಿ ತೊಟ್ಟಿ ಬಿಟ್ಟುಕೊಡುತ್ತಾರೆ. ಉಳಿದವಕ್ಕೆ ಇನ್ನೊಂದು ತೊಟ್ಟಿ, ಇನ್ನೊಂದು ಸ್ಕಿಮ್ಮರ್, ಇನ್ನೊಂದು ಚಿಲ್ಲರ್, ಇನ್ನಷ್ಟು ಉಪ್ಪು. ಇವೆಲ್ಲ ದುಡ್ಡು ಕೊಟ್ಟರೆ ಸಿಗುತ್ತವೆ. ಎರಡನೆಯ ತೊಟ್ಟಿಗೆ ಮನೆಯವರ ಒಪ್ಪಿಗೆ ಪಡೆಯುವ ಉಪಾಯ ಮಾತ್ರ ಇನ್ನೂ ಯಾರಿಗೂ ಗೊತ್ತಾದಂತಿಲ್ಲ.